ಕುದುರೆಯ ವರ್ಣ, ಹಿತ್ತಲಿನ ಹೂವು

ಲಿಂಗಧಾರಿಯಾದ ಗೃಹಸ್ಥನು ಕಣ್ಣಿಗೆ ಸೊಗಸಾದುದನ್ನು ಕಂಡು ಹಿಗ್ಗಬಹುದೇ, ಅಥವಾ ಆ ಹಿಗ್ಗೇ ಬಂಧನವಾಗುವುದೇ ಎಂಬ ಪ್ರಶ್ನೆ ಬಹಳ ಹಳೆಯದು. ಅಂಗಳದ ಸೇವಂತಿಗೆ, ಹಿತ್ತಲಿನ ಮಲ್ಲಿಗೆ, ಕೊಟ್ಟಿಗೆಯಲ್ಲಿ ಮೈ ಮಿರುಗುವ ಎತ್ತು, ಇವುಗಳಲ್ಲಿ ಕ್ಷಣಕಾಲ ಮನಸ್ಸು ನಿಂತರೂ ಭಕ್ತಿಗೆ ಕುಂದುಂಟಾಯಿತೆಂದು ಅಳುಕುವ ಸಾತ್ವಿಕರು ನಮ್ಮಲ್ಲಿ ಇದ್ದಾರೆ. ಅಳುಕು ಇರಬೇಕಾದುದೇ, ಆದರೆ ಅದು ಇರಬೇಕಾದ ಎಡೆ ಬೇರೆ ಎಂದು ನಮ್ಮ ಅಭಿಪ್ರಾಯ. ಇದನ್ನು ವಿಚಾರಿಸುವುದಕ್ಕೆ ಕುದುರೆಯ ಮೈಬಣ್ಣದಂತಹ ಕೇವಲ ಲೌಕಿಕವಾದ ವಿಷಯವನ್ನು ಎತ್ತಿಕೊಂಡರೆ ಸದ್ಭಕ್ತರು ಬೇಸರಪಡಬಾರದು.

ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನೆಂಬ ಅರಸನು 1126ರಿಂದ 1138ರವರೆಗೆ ಆಳಿದನು. ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ನೂರು ಅಧ್ಯಾಯಗಳ ಮಹಾಗ್ರಂಥ. ರಾಜನಾದವನು ಅನುಭವಿಸತಕ್ಕ ಸುಖಗಳನ್ನು ಅದರಲ್ಲಿ ಲೆಕ್ಕಹಾಕಿ ಇಡಲಾಗಿದೆ. ಮನೆ ಹೇಗಿರಬೇಕು, ತಾಂಬೂಲ ಯಾವುದು, ಹೂಮಾಲೆ ಎಂತಹದು, ವನಕ್ರೀಡೆಯ ಬಗೆಯೇನು ಎಂದು ವಿವರಿಸಿದ ಆ ಪುಸ್ತಕದಲ್ಲಿಯೇ ಕುದುರೆಗಳ ಬಣ್ಣ, ಸುಳಿ, ಲಕ್ಷಣಗಳೂ ಬಂದಿವೆ. ವಾಹ್ಯಾಳಿಯ ವಿನೋದವೂ ಬಂದಿದೆ. ಮನೆ, ತೋಟ, ಕುದುರೆ ಈ ಮೂರೂ ಒಬ್ಬ ಅರಸನ ಕಣ್ಣಿಗೆ ಒಂದೇ ಸಾಲಿನ ಸುಖಗಳಾಗಿ ಕಂಡಿವೆ. ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ. ಅಷ್ಟು ಸೂಕ್ಷ್ಮವಾಗಿ ನೋಡಬಲ್ಲ ಕಣ್ಣು ದೊಡ್ಡ ಸಂಪತ್ತೇ ಸರಿ.

ಬಣ್ಣಕ್ಕೆ ಹೆಸರಿಡುವುದರಲ್ಲಿಯೂ ಒಂದು ಆನಂದವಿದೆ. ಲಾಯದವರ ಮಾತಿನಲ್ಲಿ ಪಾರಸಿ, ಅರಬ್ಬಿಗಳಿಂದ ಬಂದ ಹೆಸರುಗಳೇ ಹೆಚ್ಚು. ಕಂದುಗೆಂಪು ಮೈಯಿದ್ದು ಕೇಸರ, ಬಾಲ, ಕಾಲುಗಳು ಕಪ್ಪಾಗಿದ್ದರೆ ಅದು ಕುಮೈತ್. ಕಸ್ತೂರಿಯಂತೆ ಕಪ್ಪಾದುದು ಮುಷ್ಕಿ. ತೇಪೆ ಹಾಕಿದಂತೆ ಎರಡು ಬಣ್ಣದ್ದು ಅಬಲಖ್. ಬೂದುಬಣ್ಣದ ಕುದುರೆಗೆ ಸಬ್ಜಾ, ಎಂದರೆ ಹಸುರು, ಎನ್ನುತ್ತಾರೆ. ಹಸುರು ಕುದುರೆಯನ್ನು ಯಾರು ಕಂಡಿದ್ದರೋ! ನಾಲ್ಕು ಕಾಲುಗಳೂ ಮುಖವೂ ಬೆಳ್ಳಗಿರುವ ಪಂಚಕಲ್ಯಾಣಿಯಂತೂ ನಮ್ಮ ಹಳ್ಳಿಯ ಮಕ್ಕಳಿಗೂ ಕಥೆಗಳಿಂದ ಪರಿಚಿತವಾದುದು.

ಕೇಡು ಬಂದುದು ಬೇರೆ ದಾರಿಯಿಂದ. ನಮ್ಮ ಭಾಷೆಯಲ್ಲಿ ವರ್ಣವೆಂದರೆ ಬಣ್ಣವೂ ಹೌದು, ಜಾತಿಯೂ ಹೌದು. ಪ್ರಾಚೀನ ಅಶ್ವಶಾಸ್ತ್ರಗಳು ಬಣ್ಣವನ್ನು ನೋಡಿ ನಲಿಯುವುದರಲ್ಲಿ ನಿಲ್ಲದೆ ಕುದುರೆಗಳಿಗೂ ನಾಲ್ಕು ವರ್ಣಗಳನ್ನು ಹಚ್ಚಿದವು. ಇದು ಶುಭ, ಇದು ಅಶುಭ, ಇದು ಮೇಲು, ಇದು ಕೀಳು ಎಂದು ಪಂಕ್ತಿ ಹಾಕಿದವು. ಪ್ರಕೃತಿಯಾದರೋ ಈ ಪಂಕ್ತಿಯನ್ನು ಒಪ್ಪುವಂತಿಲ್ಲ. ಕುದುರೆಯ ರೋಮದಲ್ಲಿರುವ ವರ್ಣದ್ರವ್ಯಗಳು ಎರಡೇ, ಒಂದು ಕಪ್ಪು, ಇನ್ನೊಂದು ಕೆಂಪು. ಅವುಗಳ ಹೆಚ್ಚುಕಡಿಮೆಯಿಂದಲೂ ಹಂಚಿಕೆಯಿಂದಲೂ ಇಷ್ಟೆಲ್ಲಾ ಬಣ್ಣಗಳಾಗಿವೆ. ಬೆಳ್ಳಗೆ ಕಾಣುವ ಕುದುರೆಗಳಲ್ಲಿ ಬಹುಪಾಲು ಹುಟ್ಟಿನಿಂದ ಬಿಳಿಯವಲ್ಲ. ಮರಿ ಕಪ್ಪಾಗಿಯೋ ಕಂದಾಗಿಯೋ ಹುಟ್ಟುತ್ತದೆ; ವರ್ಷವರ್ಷಕ್ಕೆ ಕೂದಲು ನೆರೆಯುತ್ತಾ ಬೂದಾಗಿ, ಆರೆಂಟು ವರ್ಷಗಳಲ್ಲಿ ಬೆಳ್ಳಗಾಗುತ್ತದೆ. ಕೂದಲಿನ ಕೆಳಗಿನ ಚರ್ಮ ಮಾತ್ರ ಕೊನೆಯವರೆಗೂ ಕಪ್ಪೇ. ಇದರ ಆನುವಂಶಿಕ ಕಾರಣವನ್ನು ಸ್ವೀಡನ್ನಿನ ವಿಜ್ಞಾನಿಗಳ ತಂಡವು 2008ರಲ್ಲಿ ಪ್ರಕಟಿಸಿತು. ಆ ಬಿಳುಪಿನ ಜೊತೆಗೇ ಚರ್ಮದ ಗಂಟುರೋಗವೂ ಬರುತ್ತದೆ. 15 ವರ್ಷ ದಾಟಿದ ಇಂತಹ ಕುದುರೆಗಳಲ್ಲಿ ಬಹುಪಾಲಿಗೆ ಬಾಲದ ಬುಡದಲ್ಲಿ ಕಪ್ಪು ಗಂಟುಗಳು ಏಳುವುದುಂಟು. ಹುಟ್ಟಿದಾಗ ಕಪ್ಪಾಗಿದ್ದು ಬೆಳೆದಮೇಲೆ ಬಿಳಿಯಾದ ಆ ಬಡಪ್ರಾಣಿಯನ್ನು ಶಾಸ್ತ್ರಕಾರನು ಯಾವ ವರ್ಣಕ್ಕೆ ಸೇರಿಸಬೇಕು?

ಸೋಮೇಶ್ವರನು ತನ್ನ ಸುಖಗಳನ್ನು ಎಣಿಸಿ ಬರೆದ ಕೆಲವೇ ದಶಕಗಳಲ್ಲಿ, ಅದೇ ಕಲ್ಯಾಣದಲ್ಲಿ, ಶರಣರು ಕೂಡಿದರು. ಅವರು ಕಣ್ಣು ಮುಚ್ಚಿಕೊಳ್ಳಿರೆಂದು ಹೇಳಲಿಲ್ಲ. ಷಟ್‌ಸ್ಥಲದ ಕ್ರಮದಲ್ಲಿ ಪ್ರಸಾದಿಸ್ಥಲದ ಶಿವಲಿಂಗಕ್ಕೆ ನೇತ್ರವೇ ಮುಖ, ರೂಪವೇ ಅರ್ಪಿಸತಕ್ಕ ಪದಾರ್ಥ. ರೂಪವು ಹೇಯವಾಗಿದ್ದರೆ ಅದನ್ನು ಲಿಂಗಕ್ಕೆ ಅರ್ಪಿಸುವ ಮಾತೇ ಏಳುತ್ತಿರಲಿಲ್ಲ. ಅವರು ತಳ್ಳಿಹಾಕಿದುದು ಹುಟ್ಟಿನ ಮೇಲುಕೀಳಿನ ಲೆಕ್ಕವನ್ನು. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಅಲ್ಲಮಪ್ರಭುವು ತೋಟಿಗನಾದ ಗೊಗ್ಗಯ್ಯನನ್ನು ಸಂಧಿಸುವ ಪ್ರಸಂಗವನ್ನು ಓದುಗರು ಬಲ್ಲರು. ಅಲ್ಲಿ ಪ್ರಭುವು ತತ್ತ್ವವನ್ನು ಹೇಳುವುದು ತೋಟದ ಕೃಷಿಯ ಮಾತಿನಲ್ಲಿಯೇ. ತೋಟವನ್ನು ಪ್ರೀತಿಸಬಲ್ಲವನಿಗೆ ಆ ಮಾತು ತಿಳಿಯುವಷ್ಟು ಇತರರಿಗೆ ತಿಳಿಯಲಾರದು.

ಮದ್ದೂರು ತಾಲ್ಲೂಕಿನ ಬೆಸಗರಹಳ್ಳಿಯ ಕಡೆಯ ಒಕ್ಕಲಮನೆಗಳಲ್ಲಿ ಕುದುರೆ ಅಪರೂಪ. ಕುದುರೆಗಳ ಹಿಂಡನ್ನು ನೋಡಬೇಕೆಂದವರು ಹುಲಿಯೂರುದುರ್ಗದ ಮಾರ್ಗವಾಗಿ, ಟಿಪ್ಪೂ ಸುಲ್ತಾನನ ಕಾಲದಿಂದ ಕುದುರೆ ಸಾಕಣೆಗೆ ಹೆಸರಾದ ಕುಣಿಗಲಿಗೆ ಹೋಗುತ್ತಿದ್ದರು. ಇಲ್ಲಿಯ ಬೆಡಗು ಹಳ್ಳಿಕಾರ್ ಎತ್ತಿನದು: ಬೂದು ಮೈ, ಭುಜದ ಮೇಲೂ ತೊಡೆಯ ಮೇಲೂ ಮುಗಿಲಿನಂತೆ ಕವಿದ ಕಪ್ಪು ಛಾಯೆ. ಸಂಜೆ ಗದ್ದೆಯಿಂದ ಬಂದು ಆ ಮೈಯನ್ನು ತಿಕ್ಕಿ ತೊಳೆಯುವಾಗಿನ ಸುಖಕ್ಕೆ ಅರಸನ ಗ್ರಂಥದ ಅಪ್ಪಣೆ ಬೇಕಿಲ್ಲ. ಆದರೆ ಅದೇ ಎತ್ತು ದನಗಳ ಜಾತ್ರೆಗೆ ಹೋದಾಗ ಸುಳಿ ನೋಡುವವನ ಕಣ್ಣಿಗೆ ಬೀಳುತ್ತದೆ. ಬೆನ್ನಿನ ಮೇಲೆ ಕೂದಲು ಎತ್ತ ತಿರುಗಿದೆಯೆಂಬುದರ ಮೇಲೆ ಅದರ ಬೆಲೆ ಇಳಿಯುತ್ತದೆ. ನೊಗ ಎಳೆದ ಹೆಗಲನ್ನು ಆಗ ಯಾರೂ ಮುಟ್ಟಿ ನೋಡುವುದಿಲ್ಲ.

ಹೂವಿನ ವಿಷಯದಲ್ಲಿ ನಾವು ಇಷ್ಟು ಕ್ರೂರರಲ್ಲ. ಕೇದಗೆಗೆ ಶಾಪ ತಗುಲಿಸಿದ ಪುರಾಣವೊಂದಿದೆ, ನಿಜ. ಆದರೂ ಅದರ ಕಂಪನ್ನು ಯಾರು ಬಿಟ್ಟಾರು? ಹಳದಿ, ಬಿಳಿ, ಕೆಂಪು ಸೇವಂತಿಗೆಗಳನ್ನು ಗೃಹಿಣಿಯು ಒಂದೇ ಪಾತಿಯಲ್ಲಿ ನೆಟ್ಟು ಒಂದೇ ಕೊಡದಿಂದ ನೀರೆರೆಯುತ್ತಾಳೆ. ಬೇಲಿಯ ಬದಿಯಲ್ಲಿ ತಾನಾಗಿ ಹುಟ್ಟಿದ ತುಂಬೆಯನ್ನೂ ಬಿಡಿಸಿ ತಂದು ಇಷ್ಟಲಿಂಗಕ್ಕೆ ಏರಿಸುತ್ತಾಳೆ.

ಆ ಮನೆಗೇ ಕನ್ಯೆ ನೋಡಲು ಬಂದ ಬೀಗರು ಜಗಲಿಯ ಮೇಲೆ ಕುಳಿತು ಅಂಗಳದ ಹೂಗಳನ್ನು ಹೊಗಳುತ್ತಾರೆ. ಹುಡುಗಿ ಫಲಹಾರವಿಟ್ಟು ಒಳಗೆ ಹೋದಮೇಲೆ, “ಎಲ್ಲಾ ಸರಿ, ಬಣ್ಣ ಒಂದು ಚೂರು ಕಡಮೆ” ಎನ್ನುತ್ತಾರೆ. ಹೇಳುವವರ ಎದೆಯ ಮೇಲೆಯೂ ಲಿಂಗವಿರುತ್ತದೆ, ಹಣೆಯಲ್ಲಿ ವಿಭೂತಿಯಿರುತ್ತದೆ. ಒಳಬಾಗಿಲ ಮರೆಯಲ್ಲಿ ನಿಂತವಳಿಗೆ ಆ ಮಾತು ಕೇಳಿಸಿರುತ್ತದೆ.