ಪಾತ್ರ ಮಾಡಿದ್ದಕ್ಕೆ ಹೊಣೆ ಯಾರು?

ನಮ್ಮ ಮಕ್ಕಳು ಆಡುವ ಆಟಗಳ ಪೈಕಿ ತಂದೆತಾಯಿಯರಾದ ನಮಗೆ ತಲೆಬುಡ ತಿಳಿಯದ ಆಟವೊಂದಿದೆ. ಫ್ರೀಮಾಂಟ್, ಸನಿವೇಲ್, ಕ್ಯೂಪರ್ಟಿನೋಗಳ ನಮ್ಮ ಮನೆಗಳಲ್ಲಿ ಶನಿವಾರ ಮಧ್ಯಾಹ್ನ ನಾಲ್ಕೈದು ಮಕ್ಕಳು ಊಟದ ಮೇಜಿನ ಸುತ್ತ ಕೂರುತ್ತಾರೆ. ಇಸ್ಪೀಟು ಇಲ್ಲ, ಟೀವಿ ಇಲ್ಲ. ಒಂದಷ್ಟು ಕಾಗದ, ಪೆನ್ಸಿಲು, ಇಪ್ಪತ್ತು ಮುಖದ ಒಂದು ದಾಳ, ಅಷ್ಟೆ. ಒಬ್ಬ ಕಥೆ ನಡೆಸುತ್ತಾನೆ. ಉಳಿದವರಲ್ಲಿ ಒಬ್ಬಳು ಮಾಟಗಾತಿ, ಒಬ್ಬ ಯೋಧ, ಇನ್ನೊಬ್ಬ ಕಳ್ಳ. ಮೂರು ಗಂಟೆ ಕಳೆದರೂ ಆಟ ಮುಗಿಯುವುದಿಲ್ಲ. ಉಳಿದದ್ದು ಮುಂದಿನ ವಾರಕ್ಕೆ. ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಎಳೆಯುವ ಈ ಕಥೆಗೆ ಅವರು ‘ಕ್ಯಾಂಪೇನ್’ ಎನ್ನುತ್ತಾರೆ.

ಇದು ಹೊಸದೇನಲ್ಲ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರಚಿಸಿದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಪ್ರಕಟವಾದದ್ದು 1974ರಲ್ಲಿ. ಮರುವರ್ಷವೇ ನಮ್ಮ ಈ ಕೊಲ್ಲಿ ಪ್ರದೇಶದಲ್ಲಿ ಗ್ರೆಗ್ ಸ್ಟಾಫರ್ಡ್ ಎಂಬವರು ‘ಕೇಯಾಸಿಯಂ’ ಎಂಬ ಪ್ರಕಾಶನವನ್ನು ಆರಂಭಿಸಿದರು. ‘ಡುನ್‌ಡ್ರಾಕಾನ್’ ಎಂಬ ಆಟಗಾರರ ಮೇಳ ಇಲ್ಲೇ 1976ರಲ್ಲಿ ಶುರುವಾಯಿತು. 1980ರ ದಶಕದಲ್ಲಿ ಈ ಆಟ ಮಕ್ಕಳನ್ನು ಮಾಟಮಂತ್ರಕ್ಕೆ ಎಳೆಯುತ್ತದೆಂದು ಅಮೆರಿಕದಲ್ಲಿ ದೊಡ್ಡ ಹುಯಿಲೇ ಎದ್ದಿತ್ತು. ಆ ಹುಯಿಲು ಅಡಗಿತು. ಆದರೆ ಅದರ ಗದ್ದಲದಲ್ಲಿ ಕೇಳಲೇಬೇಕಾದ ಪ್ರಶ್ನೆಯೊಂದು ಕೇಳದೆ ಉಳಿಯಿತೆಂದು ನಮಗನ್ನಿಸುತ್ತದೆ.

ಆ ಪ್ರಶ್ನೆ ಇಂಥದು. ರಾತ್ರಿ ಕಾಡಿನಲ್ಲಿ ಎಲ್ಲರೂ ಮಲಗಿದ್ದಾಗ ಕಳ್ಳನ ಪಾತ್ರದ ಹುಡುಗ ತನ್ನ ಗೆಳೆಯನ ಪಾತ್ರದ ಕತ್ತಿಯನ್ನು ಕದಿಯುತ್ತಾನೆ. ಆರು ವಾರ ಕಷ್ಟಪಟ್ಟು ಗಳಿಸಿದ ಕತ್ತಿ ಅದು. ಗೆಳೆಯ ಸಿಟ್ಟಾದರೆ ಉತ್ತರ ಸಿದ್ಧ: “ಕದ್ದದ್ದು ನಾನಲ್ಲ, ನನ್ನ ಪಾತ್ರ. ಕಳ್ಳ ಕದಿಯದೆ ಇನ್ನೇನು ಮಾಡುತ್ತಾನೆ?” ಇಂಥ ಮೇಜುಗಳಲ್ಲಿ ಪದೇ ಪದೇ ಕೇಳಿಬರುವ ಮಾತಿದು, ದೊಡ್ಡವರು ಆಡುವಾಗಲೂ. ಈ ಉತ್ತರ ಒಪ್ಪತಕ್ಕದ್ದೇ?

ಕನ್ನಡಿಗರಾದ ನಮಗೆ ಈ ಪ್ರಶ್ನೆ ಅಪರಿಚಿತವಾಗಬೇಕಾಗಿಲ್ಲ. ಕಾಸರಗೋಡಿನಿಂದ ಉತ್ತರ ಕನ್ನಡದವರೆಗೆ ನಮ್ಮ ಕರಾವಳಿಯಲ್ಲಿ ತಾಳಮದ್ದಲೆ ಇದೆಯಲ್ಲ! ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ. ಎದುರುಬದುರು ಕೂತ ಅರ್ಥಧಾರಿಗಳು ರಾಮನಾಗಿ, ವಾಲಿಯಾಗಿ, ಕೃಷ್ಣನಾಗಿ, ಕೌರವನಾಗಿ ಅಲ್ಲೇ ಹುಟ್ಟಿದ ಮಾತಿನಲ್ಲಿ ವಾದಿಸುತ್ತಾರೆ. ಕೂತಲ್ಲೇ ಪಾತ್ರವಾಗುವುದು ಅಮೆರಿಕದವರು ನಮಗೆ ಕಲಿಸಬೇಕಾದ ವಿದ್ಯೆಯಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ರಾವಣನಾಗಿ, ವಾಲಿಯಾಗಿ ಅರ್ಥ ಹೇಳಿದರೆ ಜನ ರಾತ್ರಿಯಿಡೀ ಕೂತು ಕೇಳುತ್ತಿದ್ದರು. ಸೀತೆಯನ್ನು ಯಾಕೆ ಕದ್ದಿರಿ ಎಂದು ಯಾರೂ ಅವರನ್ನು ಕೇಳಲಿಲ್ಲ.

ಯಾಕೆ ಕೇಳಲಿಲ್ಲ? ಅಲ್ಲಿ ಪ್ರಸಂಗ ಮೊದಲೇ ಕಟ್ಟಿಟ್ಟದ್ದು. ಮರದ ಮರೆಯಿಂದ ಬಾಣ ಬಿಡುವುದು ಯಾವ ಧರ್ಮವೆಂದು ಕೇಳಿ ವಾಲಿ ರಾಮನ ಬಾಯಿ ಕಟ್ಟಿಸಬಹುದು. ಆದರೂ ಕೊನೆಗೆ ವಾಲಿ ಸಾಯಲೇಬೇಕು. ಕೃತ್ಯ ಕವಿಯದು, ಮಾತು ಅರ್ಥಧಾರಿಯದು. ಆದ್ದರಿಂದ ಅವನ ಹೊಣೆಯೂ ಮಾತಿನಷ್ಟಕ್ಕೇ. ಆ ಹೊಣೆ ಮಾತ್ರ ಸಣ್ಣದಲ್ಲ. ರಾವಣನ ನೆಪದಲ್ಲಿ ಎದುರು ಕೂತ ಕಲಾವಿದನನ್ನೇ ಹೀಯಾಳಿಸಿದರೆ ರಸಿಕರು ‘ಪಾತ್ರ ಮಾತಾಡಿತು’ ಎಂದು ಬಿಟ್ಟುಬಿಡುವುದಿಲ್ಲ. ಔಚಿತ್ಯ ತಪ್ಪಿದನೆಂದೇ ಹೇಳುತ್ತಾರೆ.

ನಮ್ಮ ಮಕ್ಕಳ ಮೇಜಿನಲ್ಲಿ ಪ್ರಸಂಗವೇ ಇಲ್ಲ. ಕಳ್ಳ ಕದಿಯಬೇಕೆಂದು ಯಾವ ಕವಿಯೂ ಬರೆದಿಟ್ಟಿಲ್ಲ. ಪಾತ್ರವನ್ನು ಆರಿಸಿದವನೂ, ಅದರ ಸ್ವಭಾವ ಗೊತ್ತುಮಾಡಿದವನೂ, ಆ ರಾತ್ರಿ ಕದಿಯಲು ಹೊರಟವನೂ ಅದೇ ಹುಡುಗ. ಅರ್ಥಧಾರಿಗೆ ಸಲ್ಲುವ ರಿಯಾಯಿತಿ ಅವನಿಗೆ ಸಲ್ಲದು.

ದಾಳದ ಮೇಲೆ ಹಾಕೋಣವೆಂದರೆ ಅದೂ ನಡೆಯದು. ದಾಳ ಹೇಗೆ ಬೀಳಬೇಕೆಂಬುದು ಧರ್ಮರಾಯನ ಕೈಯಲ್ಲಿರಲಿಲ್ಲ. ಆದರೆ ರಾಜ್ಯವನ್ನು, ತಮ್ಮಂದಿರನ್ನು, ತನ್ನನ್ನು, ಕೊನೆಗೆ ದ್ರೌಪದಿಯನ್ನು ಪಣಕ್ಕಿಟ್ಟವನು ಅವನೇ. ಮೊದಲು ಸೋತದ್ದು ತನ್ನನ್ನೋ ನನ್ನನ್ನೋ ಎಂದು ಸಭೆಯಲ್ಲಿ ದ್ರೌಪದಿ ಕೇಳಿದ್ದು ದಾಳದ ವಿಚಾರವಲ್ಲ, ಪಣವಿಡುವ ಹಕ್ಕಿನ ವಿಚಾರ. ಕದ್ದದ್ದು ದಕ್ಕಿತೇ ಎಂದಷ್ಟೇ ದಾಳ ಹೇಳುತ್ತದೆ. ಕದಿಯಬೇಕೇ ಎಂದು ಹೇಳುವುದಿಲ್ಲ.

ಹಾಗಾದರೆ ಕೆಟ್ಟ ಪಾತ್ರವನ್ನು ಆಡಲೇಬಾರದೇ? ಹಾಗೆ ಹೇಳಿದರೆ ರಾವಣನೇ ಇಲ್ಲದ ರಾಮಾಯಣ ಆದೀತು. ಇಲ್ಲಿ ಎರಡು ವೃತ್ತಗಳನ್ನು ಬೇರೆ ಮಾಡಬೇಕು. ಕಥೆಯೊಳಗಿನ ರಾಜನ ಬೊಕ್ಕಸ ಲೂಟಿಯಾದರೆ ಯಾರಿಗೂ ನೋವಿಲ್ಲ. ಅದರ ಫಲವನ್ನು ಕಥೆಯೇ ತೀರಿಸುತ್ತದೆ. ಮೇಜಿನ ಸುತ್ತ ಕೂತವರಿಗೆ ಮಾತ್ರ ನೋವಿದೆ. ಕತ್ತಿ ಸುಳ್ಳು, ಆದರೆ ಅದಕ್ಕಾಗಿ ಗೆಳೆಯ ಕಳೆದ ಆರು ಶನಿವಾರಗಳು ಸುಳ್ಳಲ್ಲ. ಅವನೂ ನಕ್ಕು ಒಪ್ಪಿದರೆ ಅದು ಆಟ. ಒಪ್ಪದಿದ್ದರೆ ಕದ್ದದ್ದು ಪಾತ್ರವಲ್ಲ, ನಮ್ಮ ಹುಡುಗನೇ.

ಇನ್ನೊಂದು ಮಾತು. ಸ್ಟಾಫರ್ಡ್ ರಚಿಸಿ 1985ರಲ್ಲಿ ಹೊರತಂದ ‘ಪೆಂಡ್ರಾಗನ್’ ಎಂಬ ಆಟದಲ್ಲಿ ಕರುಣೆ–ಕ್ರೌರ್ಯ, ಶೌರ್ಯ–ಹೇಡಿತನ ಎಂಬಂತೆ 13 ಜೋಡಿ ಗುಣಗಳಿವೆ. ಪ್ರತಿ ಜೋಡಿಯ ಮೊತ್ತ 20. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಮತ್ತೆ ಮತ್ತೆ ಕ್ರೂರವಾಗಿ ನಡೆದ ವೀರನ ಕ್ರೌರ್ಯದ ಅಂಕ ಬೆಳೆಯುತ್ತಾ ಹೋಗಿ, ಮುಂದೊಮ್ಮೆ ಕರುಣೆ ತೋರಬೇಕೆಂದು ಆಟಗಾರ ಬಯಸಿದರೂ ದಾಳ ಬಿಡದೆ ಇರಬಹುದು. ನಮ್ಮ ಹಿರಿಯರು ಸಂಸ್ಕಾರ ಎಂದದ್ದು ಇದನ್ನೇ ಅಲ್ಲವೇ? ಮಾಡಿದ್ದು ಅಂಟಿಕೊಳ್ಳುತ್ತದೆ.

ಇನ್ನು ಆಟ ನಡೆಸುವವನ ವಿಚಾರ. ಅವನು ಒಂದು ಅಡ್ಡರಟ್ಟಿನ ಹಿಂದೆ ದಾಳ ಹಾಕುತ್ತಾನೆ. ಬಿದ್ದ ಅಂಕ ಬೇರೆಯವರಿಗೆ ಕಾಣದು. ಪುಟ್ಟ ಹುಡುಗಿಯ ಪಾತ್ರ ಸಾಯುವ ಹಾಗಿದ್ದರೆ ಹದಿನೆಂಟನ್ನು ಎಂಟು ಎಂದು ಹೇಳಿ ಉಳಿಸಬಹುದು. ಕರುಣೆಯ ಸುಳ್ಳು ತಪ್ಪೇ? ತಪ್ಪೆಂದೇ ನಾವು ಹೇಳುತ್ತೇವೆ, ಮೊದಲೇ ಮಾತಾಗಿರದಿದ್ದರೆ. ಶಕುನಿಯ ಅಪರಾಧ ಗೆದ್ದದ್ದಲ್ಲ. ಮೊದಲೇ ತೀರ್ಮಾನವಾದದ್ದನ್ನು ದಾಳ ತೀರ್ಮಾನಿಸುತ್ತಿದೆಯೆಂದು ನಂಬಿಸಿದ್ದು. ಕರುಣೆಯಿಂದ ಸುಳ್ಳು ಹೇಳುವವನ ಮನಸ್ಸು ಬೇರೆ, ನಿಜ; ಆದರೆ ಕೈಗಳು ಅವೇ. ಪ್ರಸಂಗವಿಲ್ಲವೆಂದು ಹೇಳಿ, ಗುಟ್ಟಿನಲ್ಲಿ ಪ್ರಸಂಗ ಬರೆದಂತಾಯಿತು. ಆ ಹುಡುಗಿ ಎದೆ ಗಟ್ಟಿ ಮಾಡಿಕೊಂಡು ಸೇತುವೆಯ ಮೇಲೆ ನಿಂತದ್ದಕ್ಕೆ ಆಮೇಲೆ ಬೆಲೆಯೇನು? “ಈ ಆಟದಲ್ಲಿ ಯಾರ ಪಾತ್ರವೂ ಸಾಯುವುದಿಲ್ಲ” ಎಂದು ಮೊದಲೇ ಹೇಳಿಬಿಟ್ಟರೆ ಕರುಣೆಯೂ ಉಳಿಯಿತು, ಸತ್ಯವೂ ಉಳಿಯಿತು.

ಆದ್ದರಿಂದ ಮಿತ್ರರೇ, ಮಕ್ಕಳು ಈ ಆಟಕ್ಕೆ ಕೂತರೆ ಹೋಮ್‌ವರ್ಕ್ ಹಾಳಾಯಿತೆಂದು ಗದರುವುದು ಬೇಡ. ನಾಲ್ಕು ಜನ ಎದುರುಬದುರು ಕೂತು ಮಾತಾಡುವುದೇ ಈ ಊರಿನಲ್ಲಿ ಅಪರೂಪ. ಆಟ ಮುಗಿದ ಮೇಲೆ “ಗೆದ್ದೆಯಾ?” ಎಂದು ಕೇಳಬೇಡಿ, ಅದರಲ್ಲಿ ಗೆಲುವೆಂಬುದೇ ಇಲ್ಲ. “ನಿನ್ನ ಪಾತ್ರ ಇವತ್ತು ಏನು ಮಾಡಿತು? ಯಾಕೆ ಮಾಡಿತು?” ಎಂದು ಕೇಳಿ. ಎರಡನೆಯ ಪ್ರಶ್ನೆಗೆ “ಯಾಕೆಂದರೆ ನಾನು…” ಎಂದು ಉತ್ತರ ಶುರುವಾದರೆ, ಆ ಮಗು ಆಟವನ್ನು ಚೆನ್ನಾಗಿಯೇ ಕಲಿತಿದೆ.