ನೇಯ್ದ ಕೈಗೆ ಹೆಸರು ಬೇಡವೇ?

ಮದುವೆಯ ಜವಳಿಗೆಂದು ಅಂಗಡಿಗೆ ಹೋದಾಗ ನಾವು ಇಳಕಲ್ ಸೀರೆಯ ಬೆಲೆ ಕೇಳುತ್ತೇವೆ, ಬಣ್ಣ ಬಿಡುತ್ತದೆಯೇ ಎಂದು ಕೇಳುತ್ತೇವೆ, ಚೌಕಾಸಿ ಮಾಡುತ್ತೇವೆ. ಇದನ್ನು ನೇಯ್ದವರು ಯಾರು ಎಂದು ಮಾತ್ರ ಕೇಳುವುದಿಲ್ಲ. ಚೀಲದ ಮೇಲೆ ಅಂಗಡಿಯ ಹೆಸರಿರುತ್ತದೆ. ಸೀರೆಗೆ ಊರಿನ ಹೆಸರಿದೆ. ನೇಯ್ದ ಕೈಗೆ ಹೆಸರಿಲ್ಲ.

ಕಲೆ ಮತ್ತು ವ್ಯಾಪಾರ ಎರಡನ್ನೂ ಬಲ್ಲವರಿಗೆ ಒಳ್ಳೆಯ ಭವಿಷ್ಯವಿದೆ ಎಂದು ನಾವು ಮಕ್ಕಳಿಗೆ ಹೇಳುತ್ತೇವೆ. ಫ್ಯಾಷನ್ ಡಿಸೈನ್, ಜಾಹೀರಾತು, ಒಳಾಂಗಣ ವಿನ್ಯಾಸ ಎಂದು ಪಟ್ಟಿ ಕೊಡುತ್ತೇವೆ. ಆ ಪಟ್ಟಿಯಲ್ಲಿ ಮಗ್ಗ ಇರುವುದಿಲ್ಲ. ವಾಸ್ತವದಲ್ಲಿ ಇಳಕಲ್ಲಿನ ಮಗ್ಗ ಕಲ್ಪನೆಯನ್ನೂ ಲೆಕ್ಕವನ್ನೂ ಒಟ್ಟಿಗೆ ಬೇಡುತ್ತದೆ. ಸೀರೆಯ ಮೈಗೆ ಒಂದು ಹಾಸು, ಕೆಂಪು ಸೆರಗಿಗೆ ಇನ್ನೊಂದು ಹಾಸು. ಎರಡರ ಎಳೆಗಳನ್ನು ಕೊಂಡಿ ಹಾಕಿ ಜೋಡಿಸಬೇಕು. ಇದಕ್ಕೆ ಅಲ್ಲಿ ಟೋಪ್ ತೆನಿ ಎನ್ನುತ್ತಾರೆ. ಹೀಗಾಗಿ ಪ್ರತಿ ಸೀರೆಗೂ ಬೇರೆಯೇ ಹಾಸು ಸಿದ್ಧವಾಗಬೇಕು. ಇಷ್ಟೆಲ್ಲ ಬಲ್ಲ ನೇಕಾರನಿಗೆ ನೂಲು ಕೊಡುವವರು ಬೇರೆ, ಮಾರುವವರು ಬೇರೆ. ಅವನಿಗೆ ದಕ್ಕುವುದು ಹೆಚ್ಚಾಗಿ ಸೀರೆಗಿಷ್ಟು ಎಂಬ ಮಜೂರಿ. ಮನೆಯಲ್ಲಿ ಕಂಡಿಕೆ ಸುತ್ತುವ ಹೆಂಗಸರ ದುಡಿಮೆಗೆ ಬೇರೆ ಲೆಕ್ಕವೇ ಇರುವುದಿಲ್ಲ.

ಹಿಂದೆಯೂ ಹೀಗೆಯೇ ಇತ್ತೇ? ಇದೇ ಬಾಗಲಕೋಟೆ ಜಿಲ್ಲೆಯಲ್ಲಿ ಬೇರೆ ಉತ್ತರವೂ ಸಿಗುತ್ತದೆ. ಬಾದಾಮಿಯ ಪಕ್ಕದ ಪಟ್ಟದಕಲ್ಲಿನಲ್ಲಿ ಎಂಟನೆಯ ಶತಮಾನದ ವಿರೂಪಾಕ್ಷ ದೇಗುಲವಿದೆ. ಕಟ್ಟಿಸಿದವಳು ರಾಣಿ ಲೋಕಮಹಾದೇವಿ. ಆದರೆ ಅಲ್ಲಿನ ಶಾಸನದಲ್ಲಿ ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರೂ ಇದೆ, ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ದೊರೆತ ಮಾತೂ ಇದೆ. ಹುನಗುಂದ ಭಾಗದ ಕೂಡಲಸಂಗಮಕ್ಕೆ ಬಂದರೆ ಬಸವಣ್ಣನವರ ನೆನಪಾಗುತ್ತದೆ. ವಚನಕಾರರು ಕಸುಬನ್ನು ಮುಚ್ಚಿಡಲಿಲ್ಲ, ಹೆಸರಿನ ಮುಂದೆಯೇ ಇಟ್ಟುಕೊಂಡರು: ಜೇಡರ ದಾಸಿಮಯ್ಯ, ಮೇದರ ಕೇತಯ್ಯ, ಮಡಿವಾಳ ಮಾಚಯ್ಯ. ಉತ್ತರದಲ್ಲಿ ಕಬೀರರೂ ನೇಕಾರರೇ.

ನೇಕಾರ ವ್ಯಾಪಾರ ಕಲಿತರೆ ಕಲೆ ಕೆಡುತ್ತದೆ ಎನ್ನುವವರಿದ್ದಾರೆ. ಈ ಆತಂಕದಲ್ಲಿ ಸ್ವಲ್ಪ ಸತ್ಯವಿಲ್ಲದಿಲ್ಲ. ಬೇಗ ಮಾರಾಟವಾಗುವುದನ್ನಷ್ಟೇ ನೇಯುತ್ತಾ ಹೋದರೆ ಹಳೆಯ ದಡಿ, ಸೆರಗುಗಳು ಕೈಯಿಂದ ಮರೆಯಾಗಬಹುದು. ಆದರೆ ಒಂದನ್ನು ಕೇಳಬೇಕು. ಅವನು ಲೆಕ್ಕ ಕಲಿಯದೆ ಉಳಿದಾಗ ಕಲೆ ಉಳಿಯಿತೇ? ಮಜೂರಿ ಸಾಲದೆ ಮಗನನ್ನು ದೂರದ ಊರಿಗೆ ಕೂಲಿಗೆ ಕಳುಹಿಸಿದವನ ಮಗ್ಗ ಮೂಲೆ ಸೇರಿತು. ಹಸಿವಿನಲ್ಲಿ ಇಟ್ಟು ಕಲೆಯನ್ನು ಕಾಪಾಡುತ್ತೇವೆ ಎನ್ನುವುದು ನ್ಯಾಯವಲ್ಲ.

ಗುಳೇದಗುಡ್ಡದ ಖಣವನ್ನೇ ನೋಡಿ. ಒಂದು ಕಾಲಕ್ಕೆ ಕುಪ್ಪಸಕ್ಕಷ್ಟೇ ಬಳಕೆಯಾಗುತ್ತಿದ್ದ ಆ ಬಟ್ಟೆ ಈಗ ಚೀಲ, ಫ್ರಾಕು, ದುಪಟ್ಟಾಗಳಾಗಿ ನಗರಗಳಲ್ಲಿ ಮಾರಾಟವಾಗುತ್ತಿದೆ. ಅದು ಸಂತೋಷವೇ. ಆ ಹೊಸ ಯೋಚನೆ ನೇಕಾರರ ಮನೆಯ ಹುಡುಗಿಗೂ ಹೊಳೆಯುವಂತಾಗಬೇಕು, ಅದರ ಲಾಭ ಆ ಮನೆಗೂ ಸೇರಬೇಕು ಎಂಬುದಷ್ಟೇ ನಮ್ಮ ಮಾತು.

ಜಾಣತನ ಅಡ್ಡದಾರಿಯನ್ನೂ ಹಿಡಿಯಬಲ್ಲದು. ವಿದ್ಯುತ್ ಮಗ್ಗದ ಸೀರೆಯನ್ನು ಕೈಮಗ್ಗದ್ದೆಂದು ಮಾರುವುದಕ್ಕೂ ಜಾಣತನ ಬೇಕು. ತಪ್ಪು ಯಂತ್ರದ್ದಲ್ಲ. ಅದನ್ನು ನಡೆಸುವವನೂ ದುಡಿಯುವವನೇ. ತಪ್ಪು ಸುಳ್ಳಿನದು. ಕೈಮಗ್ಗದ ರಕ್ಷಣೆಗೆ 1985ರ ಮೀಸಲು ಕಾಯ್ದೆಯಿದೆ, 2006ರಲ್ಲಿ ಕೈಮಗ್ಗದ ಮುದ್ರೆ ಬಂತು, ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಇವು ಊರಿನ ಹೆಸರನ್ನು ಕಾಯುತ್ತವೆ, ಬಟ್ಟೆಯ ಬಗೆಯನ್ನು ಹೇಳುತ್ತವೆ. ನೇಯ್ದವರು ಯಾರೆಂದು ಕೇಳುವ ಕೆಲಸವನ್ನು ಕೊಳ್ಳುವ ನಾವೇ ಮಾಡಬೇಕು.

ಅಂಗಡಿಯಲ್ಲಿ ನೂರು ರೂಪಾಯಿ ಇಳಿಸಿಕೊಂಡು ಗೆದ್ದೆವೆಂದು ನಾವು ಹಿಗ್ಗುತ್ತೇವೆ. ಆ ನೂರು ಯಾರ ಪಾಲಿನಿಂದ ಇಳಿಯಿತು ಎಂದು ಯೋಚಿಸಿದ್ದೇವೆಯೇ? ಮುಂದಿನ ಸಲ ಜವಳಿಗೆ ಹೋದಾಗ ಚೌಕಾಸಿಗೆ ಮುನ್ನ ಒಂದು ಮಾತು ಕೇಳೋಣ: 'ಇದನ್ನು ನೇಯ್ದವರು ಯಾರು?' ನಾಲ್ಕು ಜನ ಕೇಳಿದರೆ ಐದನೆಯವರಿಗೆ ಅಂಗಡಿಯವರು ಉತ್ತರ ಸಿದ್ಧವಾಗಿಟ್ಟುಕೊಳ್ಳುತ್ತಾರೆ.