ಮಗುವಿನ ಆಸಕ್ತಿ, ಪಾಠದ ಧರ್ಮ

ಮಕ್ಕಳ ಆಸಕ್ತಿಯನ್ನು ಆಧರಿಸಿದ ಚಟುವಟಿಕೆಯ ಪಾಠದ ಹಿಂದೆ ಒಂದು ತಾತ್ವಿಕ ಪ್ರಶ್ನೆಯಿದೆ. ಕಲಿಕೆಯ ದಾರಿಯನ್ನು ನಿರ್ಧರಿಸಬೇಕಾದವರು ಕಲಿಸುವವರೋ, ಕಲಿಯುವವರೋ? 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾದ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕಾ ವಿಧಾನ ಮಗುವಿನ ಪರವಾಗಿ ನಿಂತಿತು. ಅದಕ್ಕೆ ಪ್ರೇರಣೆ ಚಿಂತಾಮಣಿಯಿಂದ ಆಂಧ್ರದ ಗಡಿ ದಾಟಿದರೆ ಸಿಗುವ ಮದನಪಲ್ಲಿ ಬಳಿಯ ರಿಷಿ ವ್ಯಾಲಿ ಶಾಲೆ. ಆ ಶಾಲೆಯ ಸ್ಥಾಪಕ ಜಿಡ್ಡು ಕೃಷ್ಣಮೂರ್ತಿಯವರ ವಿಚಾರದಲ್ಲಿ ಭಯ ಮತ್ತು ಕಲಿಕೆ ಒಟ್ಟಿಗೆ ಬಾಳಲಾರವು.

ಮಗುವಿನ ಆಸಕ್ತಿಯಿಂದ ಪಾಠ ಬೆಳೆಯುವುದಕ್ಕೆ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲೇ ಒಂದು ಉದಾಹರಣೆಯಿದೆ. ಶಿಡ್ಲಘಟ್ಟದ ಎಷ್ಟೋ ಮಕ್ಕಳಿಗೆ ರೇಷ್ಮೆಹುಳು ಮನೆಯ ಸಂಗತಿ. ಹುಳು ಪೊರೆ ಕಳಚಲು ನಾಲ್ಕು ಸಲ ಜ್ವರಕ್ಕೆ ಕೂತು ಏಳುವುದನ್ನು ಬರೆದಿಟ್ಟರೆ ಜೀವಶಾಸ್ತ್ರ, ಹಿಪ್ಪುನೇರಳೆ ಸೊಪ್ಪು ತೂಗಿದರೆ ಗಣಿತ, ಗೂಡಿನ ಹರಾಜು ನೋಡಿದರೆ ಅರ್ಥಶಾಸ್ತ್ರ. ಆದರೆ ನೂಲು ಬಿಚ್ಚಲು ಗೂಡನ್ನು ಬೇಯಿಸುವಾಗ ಒಳಗಿನ ಜೀವ ಉಳಿಯುವುದಿಲ್ಲ. ಇದು ಸರಿಯೇ ಎಂದು ಮಗು ಕೇಳಿದ ಕ್ಷಣ ಪಾಠ ಅಹಿಂಸೆಯ ಚರ್ಚೆಯಾಗುತ್ತದೆ. ಮನೆಯ ಅನ್ನವೂ ಅದೇ ಗೂಡಿನಿಂದ ಬರುತ್ತದೆ. ಹಾಗಾಗಿ ಸಿದ್ಧ ಉತ್ತರ ಕೊಟ್ಟು ಬಾಯಿ ಮುಚ್ಚಿಸುವುದು ಮಗುವಿಗೂ ಅನ್ಯಾಯ, ಹೆತ್ತವರಿಗೂ ಅನ್ಯಾಯ. ಇಂಥ ಪ್ರಶ್ನೆಗೆ ಜಾಗವಿಡದ ಚಟುವಟಿಕೆ ಬರಿಯ ಕೈಕೆಲಸ.

ಪ್ರಶ್ನಿಸುವ ಈ ಗುಣಕ್ಕೆ ಮಾದರಿಯೂ ಇದೇ ಜಿಲ್ಲೆಯಲ್ಲಿದೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಎಚ್. ನರಸಿಂಹಯ್ಯ (1920–2005) ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದೆಂದು ಜೀವನವಿಡೀ ಸಾರಿದರು.

ಹಾಗೆಂದು ಆಸಕ್ತಿಯೇ ಕೊನೆಯ ಮಾತಲ್ಲ. ಮಗು ಕಂಡದ್ದರ ಮೇಲಷ್ಟೇ ಆಸಕ್ತಿ ಹುಟ್ಟುತ್ತದೆ. ಕಾಣದ್ದನ್ನು ತೋರಿಸುವ ಹೊಣೆ ಶಿಕ್ಷಕರದು. ಚಿಕ್ಕಬಳ್ಳಾಪುರದ ಶಿಕ್ಷಕರು ಪಾಠಯೋಜನೆಯಲ್ಲಿ ಮಕ್ಕಳ ಪ್ರಶ್ನೆಗಳಿಗೂ ಒಂದಿಷ್ಟು ಹೊತ್ತು ಮೀಸಲಿಡಲಿ.